ಅಲರ್ಜಿ ಸೀನು: ಮೆಡಿಕಲ್ ಶಾಪಿನ ಮಾತ್ರೆ ಸಾಲದಾದಾಗ ನೀವೇನು ಮಾಡಿದಿರಿ?

ರಾಜರಾಜೇಶ್ವರಿ ನಗರದಿಂದ ಕೇಳುತ್ತಿದ್ದೇನೆ. ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು, ಮೂಗಿನಲ್ಲಿ ನೀರು, ಕಣ್ಣು ತುರಿಕೆ. ವರ್ಷಗಳಿಂದ ಇದೇ ಕಾಟ. ಮೊದಲು ಒಂದು ಸೆಟ್ರಿಜಿನ್ ನುಂಗಿದರೆ ಸಾಕಾಗುತ್ತಿತ್ತು. ಈಗ ನಿದ್ದೆ ಬರುತ್ತದೆ, ಮೂಗು ಮಾತ್ರ ಕಟ್ಟಿಕೊಂಡೇ ಇರುತ್ತದೆ. ಮನೆ ಪಕ್ಕದಲ್ಲಿ ಖಾಲಿ ಸೈಟು ಬೇರೆ. ಇದನ್ನು ಅನುಭವಿಸಿದವರು ಯಾರಾದರೂ ಹೇಳ್ತೀರಾ?

ಬನಶಂಕರಿಯಿಂದ:
ಒಂದು ಮಾತ್ರೆ ಬಿಟ್ಟು ಇನ್ನೊಂದು ಮಾತ್ರೆ ಹಿಡಿಯಬೇಡಿ ಮೇಡಂ. ಮೂಗಿನ ಸ್ಪ್ರೇ ಬಗ್ಗೆ ಇಎನ್‌ಟಿ ಡಾಕ್ಟರನ್ನು ಕೇಳಿ. ಸೆಟ್ರಿಜಿನ್ ತರಹದ ಮಾತ್ರೆ ಸೀನು, ತುರಿಕೆ, ನೀರು ಸೋರೋದನ್ನು ತಡೆಯುತ್ತದೆ. ಕಟ್ಟಿದ ಮೂಗಿಗೆ ಅದರಿಂದ ಅಷ್ಟೇನೂ ಆಗುವುದಿಲ್ಲ. ಒಳಗಿನ ಊತ ಇಳಿಯಬೇಕಲ್ಲ, ಅದಕ್ಕೆ ಫ್ಲೂಟಿಕಾಸೋನ್ ಅಥವಾ ಮೊಮೆಟಾಸೋನ್ ಸ್ಪ್ರೇ ಕೊಡುತ್ತಾರೆ. ಹೊಡೆದ ತಕ್ಷಣ ಮೂಗು ಬಿಡುತ್ತದೆ ಅಂತ ಕಾಯಬೇಡಿ. ದಿನಾ ಹಾಕಬೇಕು. ಪೂರ್ತಿ ಗುಣ ಕಾಣಲು ಒಂದೆರಡು ವಾರ ಹಿಡಿಯುತ್ತದೆ. ನಮ್ಮ ಆಫೀಸಿನಲ್ಲಿ ಮೂರನೇ ದಿನಕ್ಕೇ "ಸುಮ್ನೆ ದುಡ್ಡು ದಂಡ" ಅಂತ ಬಿಸಾಕಿದವರೇ ಜಾಸ್ತಿ.

ಹಾಕುವ ರೀತಿಯಲ್ಲೇ ಅರ್ಧ ಕೆಲಸ ಇದೆ. ಬಾಟಲಿ ಅಲ್ಲಾಡಿಸಿ, ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಹಾಗೆ ಹಿಡಿದರೆ ಔಷಧಿ ಮೂಗಿನ ನಡುವಿನ ಗೋಡೆಗೆ ಹೊಡೆಯುವುದಿಲ್ಲ, ಹೊರಗಡೆಯ ಪಕ್ಕಕ್ಕೆ ಹೋಗುತ್ತದೆ. ನಡುವಿನ ಗೋಡೆಗೇ ದಿನಾ ಬಿದ್ದರೆ ಅಲ್ಲಿ ಉರಿ, ರಕ್ತ ಬರೋದು ಆಗಬಹುದು. ಹಾಕಿದ ಮೇಲೆ ಜೋರಾಗಿ ಒಳಕ್ಕೆ ಎಳೆಯಬೇಡಿ. ಗಂಟಲಲ್ಲಿ ಕಹಿ ಬಂತು ಅಂದರೆ ಔಷಧಿ ಮೂಗು ದಾಟಿ ಹೋಯಿತು ಅಂತಲೇ.

ರಾಜರಾಜೇಶ್ವರಿ ನಗರದಿಂದ:
ಸ್ಪ್ರೇ ಸ್ಟೀರಾಯ್ಡ್ ಅಂತಾರಲ್ಲ ಸರ್? ನಮ್ಮ ಅತ್ತೆ ಆ ಹೆಸರು ಕೇಳಿದರೇ ಬೇಡ ಅಂತಾರೆ.

ಬನಶಂಕರಿಯಿಂದ:
ಫ್ಲೂಟಿಕಾಸೋನ್ ಸ್ಪ್ರೇಯಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 50 ಮೈಕ್ರೋಗ್ರಾಂ ಬರುತ್ತದೆ, ಅಂದರೆ ಒಂದು ಮಿಲಿಗ್ರಾಂನ ಇಪ್ಪತ್ತನೇ ಒಂದು ಪಾಲು. ಅದರಲ್ಲಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮಕ್ಕಳಿಗೆ ಕೊಟ್ಟರೆ ಬೆಳವಣಿಗೆ ನಿಧಾನ ಆಗುತ್ತಿದೆಯಾ ಅಂತ ಎತ್ತರ ನೋಡುತ್ತಿರುತ್ತಾರೆ. ಅತ್ತೆಯವರು ಹೆದರಬೇಕಾದ್ದು ಬೇರೆಯದಕ್ಕೆ. "ಒಂದು ಇಂಜೆಕ್ಷನ್ ಹಾಕಿಸಿಕೊಳ್ಳಿ, ಸೀಸನ್ ಪೂರ್ತಿ ಆರಾಮ" ಅಂತ ಯಾರಾದರೂ ಹೇಳಿದರೆ ಯಾವ ಇಂಜೆಕ್ಷನ್ ಅಂತ ಕೇಳಿ. ಅದು ಸ್ಟೀರಾಯ್ಡ್ ಆಗಿದ್ದರೆ ಮೈಗೆಲ್ಲ ಹರಡುತ್ತದೆ. ಪದೇ ಪದೇ ತೆಗೆದುಕೊಂಡರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ.

ವಿಜಯನಗರದಿಂದ:
ಒಂದೇ ಮಾತು. ಮೂಗು ತಕ್ಷಣ ಬಿಡಿಸುವ ಡ್ರಾಪ್ಸ್ ಬರುತ್ತದಲ್ಲ, ಆಕ್ಸಿಮೆಟಾಜೋಲಿನ್, ಜೈಲೋಮೆಟಾಜೋಲಿನ್, ಅದನ್ನು ಐದು ದಿನ ದಾಟಿಸಬೇಡಿ. ಮೂರೇ ದಿನ ಅಂದರೆ ಇನ್ನೂ ಒಳ್ಳೆಯದು. ನಮ್ಮ ಭಾವ ಅದನ್ನು ಜೇಬಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಅದರ ಪ್ರಭಾವ ಇಳಿದಾಗ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ, ಮತ್ತೆ ಹಾಕಬೇಕು. ಬಿಡಿಸಲು ಡಾಕ್ಟರ್ ಹತ್ತಿರ ಹೋಗಬೇಕಾಯಿತು.

ಯಲಹಂಕದಿಂದ:
ಖಾಲಿ ಸೈಟಿನಲ್ಲಿ ಬಿಳಿ ಚುಕ್ಕಿ ಚುಕ್ಕಿ ಹೂವಿನ ಗಿಡ ಇದೆಯಾ ನೋಡಿ. ಕಾಂಗ್ರೆಸ್ ಗಿಡ, ಪಾರ್ಥೇನಿಯಂ. ನನ್ನ ಅಲರ್ಜಿ ಟೆಸ್ಟಿನಲ್ಲಿ ಬಂದ ಮೊದಲ ಹೆಸರು ಅದೇ. ನಮ್ಮ ಊರಲ್ಲಿ ಟಬೆಬುಯಾ ಮರ ಗುಲಾಬಿ ಬಣ್ಣದಲ್ಲಿ ಅರಳಿದ ಕೂಡಲೇ ಎಲ್ಲರೂ ಅದನ್ನು ಬೈಯುತ್ತಾರೆ. ಪಾಪ, ಅಂಥ ದೊಡ್ಡ ಬಣ್ಣದ ಹೂವಿನ ಪರಾಗವನ್ನು ಜೇನುಹುಳು ಹೊರುತ್ತವೆ, ಅದು ಗಾಳಿಯಲ್ಲಿ ಅಷ್ಟಾಗಿ ಹಾರುವುದಿಲ್ಲ. ನಮ್ಮ ಮೂಗಿಗೆ ಬರುವುದು ಹುಲ್ಲು, ಸರ್ವೆ ಮರ, ಕಾಂಗ್ರೆಸ್ ಗಿಡದಂಥ, ಕಣ್ಣಿಗೆ ಹೂವು ಅಂತಲೇ ಕಾಣದ ಹೂವುಗಳಿಂದ.

ಗಿಡ ಹೂ ಬಿಡುವ ಮುಂಚೆಯೇ ಕೀಳಿಸಿ. ನೀವು ಕೀಳಬೇಡಿ. ಕೀಳುವವರಿಗೂ ಗ್ಲೌಸ್, ಮಾಸ್ಕ್ ಕೊಡಿ, ಅದು ಚರ್ಮಕ್ಕೂ ಆಗಿಬರುವುದಿಲ್ಲ. (ಇದನ್ನು ತಿನ್ನಲಿ ಅಂತ ಮೆಕ್ಸಿಕೋದಿಂದ ಒಂದು ಜೀರುಂಡೆ ತರಿಸಿ 1984ರಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಟ್ಟಿದ್ದರು. ಮಳೆಗಾಲದಲ್ಲಿ ಈಗಲೂ ಎಲೆ ತಿನ್ನುತ್ತಿರುತ್ತದೆ. ಆದರೂ ಗಿಡ ಗೆದ್ದಿದೆ ಬಿಡಿ.) ಗಾಡಿ ಓಡಿಸುವಾಗ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಒಳಗೆ ಎನ್95 ಹಾಕುತ್ತೇನೆ. ಮನೆಗೆ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಾಯಿಸುತ್ತೇನೆ.

ಮಲ್ಲೇಶ್ವರದಿಂದ:
ಸೈಟು ಇರಲಿ ಕಣಮ್ಮ, ಮೊದಲು ಹಾಸಿಗೆ ನೋಡು. ವರ್ಷಪೂರ್ತಿ ಸೀನು, ಅದೂ ಬೆಳಗ್ಗೆ ಏಳುವಾಗಲೇ ಜಾಸ್ತಿ ಅಂದರೆ ಡಸ್ಟ್ ಮೈಟ್ ಮೇಲೆ ನನಗೆ ಅನುಮಾನ. ಹಾಸಿಗೆ, ದಿಂಬಿನಲ್ಲಿರುವ ಕಣ್ಣಿಗೆ ಕಾಣದ ಹುಳ. ಹಾಸು, ಹೊದಿಕೆ, ದಿಂಬಿನ ಕವರು ವಾರಕ್ಕೊಮ್ಮೆ 60 ಡಿಗ್ರಿ ಬಿಸಿ ನೀರಿನಲ್ಲಿ ಒಗೆಯಬೇಕು. ಹಳೇ ಹತ್ತಿ ದಿಂಬನ್ನು ದಾನವೂ ಮಾಡಬೇಡ, ಎಸೆದುಬಿಡು. ಕೋಣೆಯನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳು ಏಳುವುದಿಲ್ಲ. ಊದಿನಕಡ್ಡಿ, ಸಾಂಬ್ರಾಣಿ ನಮ್ಮ ಮನೆಯಲ್ಲಿ ದೀಪಾವಳಿ, ಗೌರಿ ಹಬ್ಬಕ್ಕೆ ಮಾತ್ರ. ದೇವರು ಇಲ್ಲಿಯವರೆಗೂ ಏನೂ ಅಂದಿಲ್ಲ.

ಮೂಗು ತೊಳೆಯುವುದರಿಂದ ನನಗೆ ತುಂಬಾ ಉಪಯೋಗ ಆಗಿದೆ. ಯೋಗ ಕಲಿತವರು ಜಲನೇತಿ ಅಂತಾರಲ್ಲ, ಅದೇ. ಸುಮಾರು 250 ಎಂಎಲ್ ನೀರಿಗೆ ಕಾಲು ಟೀ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ. ಕಾವೇರಿ ನೀರೇ ಆದರೂ ಚೆನ್ನಾಗಿ ಕುದಿಸಿ ಆರಿಸಿದ ನೀರೇ ಆಗಬೇಕು. ನಲ್ಲಿಯಿಂದ ನೇರವಾಗಿ ಬೇಡವೇ ಬೇಡ. ಹಸಿ ನೀರಿನಲ್ಲಿ ಮೆದುಳಿಗೆ ಏರುವ ಅಮೀಬಾ ಇರಬಹುದು. ಅಪರೂಪವೇ, ಆದರೆ ತಗುಲಿದರೆ ಬದುಕುವುದು ಕಷ್ಟ. ಸ್ಪ್ರೇ ಹಾಕುವುದಾದರೆ ಮೊದಲು ತೊಳೆದು ಆಮೇಲೆ ಹಾಕು, ಇಲ್ಲದಿದ್ದರೆ ಔಷಧಿಯೂ ಕೊಚ್ಚಿ ಹೋಗುತ್ತದೆ.

ಜಯನಗರದಿಂದ:
ಲೀವೋಸೆಟ್ರಿಜಿನ್ ಜೊತೆ ಮಾಂಟೆಲುಕಾಸ್ಟ್ ಸೇರಿಸಿದ ಮಾತ್ರೆಯನ್ನು ಮೆಡಿಕಲ್ ಶಾಪಿನವರು ಕೇಳಿದ ಕೂಡಲೇ ಕೊಡುತ್ತಾರೆ. ಸುಮ್ನೆ ತೆಗೆದುಕೊಳ್ಳಬೇಡಿ. ಮಾಂಟೆಲುಕಾಸ್ಟ್‌ನಿಂದ ಕೆಲವರಿಗೆ ಕೆಟ್ಟ ಕನಸು, ಸಿಟ್ಟು, ಮನಸ್ಸು ಕುಗ್ಗುವುದು ಬರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಇದರ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ. ನಿದ್ದೆ ಬರುವುದು ತೊಂದರೆ ಅಂದರೆ ಫೆಕ್ಸೋಫೆನಡಿನ್ ಬಗ್ಗೆ ಡಾಕ್ಟರನ್ನು ಕೇಳಬಹುದು. ಅದನ್ನು ನೀರಿನಲ್ಲಿ ನುಂಗಿ, ಕಿತ್ತಳೆ ಅಥವಾ ಸೇಬಿನ ಜ್ಯೂಸ್ ಜೊತೆ ಬೇಡ. ಜ್ಯೂಸ್ ಅದನ್ನು ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ.

ವೈಟ್‌ಫೀಲ್ಡ್‌ನಿಂದ:
ಸ್ಪ್ರೇಯನ್ನು ಸರಿಯಾಗಿ ಹಾಕಿಯೂ ಸಾಲದಿದ್ದರೆ ಅಲರ್ಜಿ ಟೆಸ್ಟ್ ಮಾಡಿಸಿ. ಸ್ಕಿನ್ ಪ್ರಿಕ್ ಟೆಸ್ಟ್ ಅಂತ, ಕೈ ಮೇಲೆ ಹನಿ ಹಾಕಿ ಸಣ್ಣಗೆ ಚುಚ್ಚುತ್ತಾರೆ. 15-20 ನಿಮಿಷದಲ್ಲಿ ಯಾವುದು ಊದಿತು ಅಂತ ಗೊತ್ತಾಗುತ್ತದೆ. ಊದಿದ್ದೆಲ್ಲಾ ನಿಮ್ಮ ಕಾಟಕ್ಕೆ ಕಾರಣ ಅಲ್ಲ. ಯಾವಾಗ, ಎಲ್ಲಿ ಸೀನು ಬರುತ್ತದೆ ಅನ್ನುವುದರ ಜೊತೆ ಹೊಂದಿಸಿ ನೋಡಬೇಕು. ನೂರಾರು ತಿಂಡಿಗಳ ಹೆಸರಿರುವ ಐಜಿಜಿ (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ರಕ್ತಪರೀಕ್ಷೆ ಪ್ಯಾಕೇಜ್ ಮಾರುತ್ತಾರೆ, ಅದಕ್ಕೆ ದುಡ್ಡು ಹಾಕಬೇಡಿ. ಅದರಿಂದ ಅಲರ್ಜಿ ಗೊತ್ತಾಗುವುದಿಲ್ಲ.

ಕಾರಣ ಖಚಿತ ಆದರೆ ಇಮ್ಯುನೋಥೆರಪಿ ಇದೆ. ಆಗದ ವಸ್ತುವನ್ನೇ ಚೂರು ಚೂರಾಗಿ ಕೊಟ್ಟು ಮೈಗೆ ರೂಢಿ ಮಾಡಿಸುವುದು. ಹೊಸದೇನಲ್ಲ, 1911ರಲ್ಲೇ ಲಂಡನ್ನಿನಲ್ಲಿ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದ ಸಾರ ಚುಚ್ಚಿ ನೋಡಿ ಬರೆದಿದ್ದರು. ಇಂಜೆಕ್ಷನ್ ಆದರೆ ಮೊದಲು ವಾರಕ್ಕೊಂದರ ಲೆಕ್ಕ, ಆಮೇಲೆ ತಿಂಗಳಿಗೊಂದು. ಪ್ರತಿ ಸಲ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ, ರಿಯಾಕ್ಷನ್ ಆದರೆ ನೋಡಿಕೊಳ್ಳಲು. ನಾಲಿಗೆ ಕೆಳಗೆ ಹಾಕುವ ಹನಿಯೂ ಇದೆ. ಒಟ್ಟು 3ರಿಂದ 5 ವರ್ಷ. ನಾನಿನ್ನೂ ನಡುವೆ ಇದ್ದೇನೆ. ಸ್ಪ್ರೇ ಪೂರ್ತಿ ಬಿಟ್ಟಿಲ್ಲ, ಆದರೆ ಬೆಳಗ್ಗೆ ಮೀಟಿಂಗಿನಲ್ಲಿ ಮಾತಾಡಲು ಆಗುತ್ತಿದೆ. ಅಷ್ಟು ವರ್ಷ ಓಡಾಡಲು ಆಗುತ್ತದೆ ಅನ್ನುವವರು ಮಾತ್ರ ಶುರು ಮಾಡಿ.

ರಾಜರಾಜೇಶ್ವರಿ ನಗರದಿಂದ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ದಿಂಬು ಇವತ್ತೇ ಹೊರಗೆ. ಟೆಸ್ಟಿಗೆ ಹೋಗುವ ಮುಂಚೆ ಮಾತ್ರೆ ತೆಗೆದುಕೊಳ್ಳಬಹುದಾ? ರಾತ್ರಿ ಒಮ್ಮೊಮ್ಮೆ ಎದೆಯಲ್ಲಿ ಸುಯ್ ಅಂತ ಶಬ್ದ ಬರುತ್ತದೆ, ಅದೂ ಇದೇನಾ?

ವೈಟ್‌ಫೀಲ್ಡ್‌ನಿಂದ:
ಸೆಟ್ರಿಜಿನ್ ತರಹದ ಮಾತ್ರೆ ಇದ್ದರೆ ಟೆಸ್ಟಿನಲ್ಲಿ ಊತ ಏಳುವುದೇ ಇಲ್ಲ. ಸಾಮಾನ್ಯವಾಗಿ ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಮೂಗಿನ ಸ್ಟೀರಾಯ್ಡ್ ಸ್ಪ್ರೇ ನಿಲ್ಲಿಸಬೇಕಾಗಿಲ್ಲ. ಆದರೆ ಟೆಸ್ಟ್ ಆಮೇಲೆ ಇರಲಿ. ಎದೆ ಶಬ್ದದ ವಿಷಯ ಮೊದಲೇ ಹೇಳಬೇಕಿತ್ತು ನೀವು! ಅದು ಅಸ್ತಮಾ ಇರಬಹುದು, ಮೂಗಿನ ಅಲರ್ಜಿ ಇರುವವರಲ್ಲಿ ಎರಡೂ ಜೊತೆಗಿರುವುದು ಸಾಮಾನ್ಯ. ಈ ವಾರವೇ ಡಾಕ್ಟರ್ ಹತ್ತಿರ ಹೋಗಿ, ಉಸಿರಿನ ಪರೀಕ್ಷೆ ಮಾಡಿಸಿ. ಅಷ್ಟರಲ್ಲಿ ಉಸಿರು ಸಿಕ್ಕದ ಹಾಗಾದರೆ ಕಾಯಬೇಡಿ, ರಾತ್ರಿಯಾದರೂ ಸರಿ, ಎಮರ್ಜೆನ್ಸಿಗೆ ಹೋಗಿ.