ಕಲಬುರಗಿಯಿಂದ ಬೀದರ್ ಕೋಟೆಗೆ ಡೆಮು (ಡೀಸೆಲ್ ಪ್ಯಾಸೆಂಜರ್) ರೈಲಲ್ಲಿ ಹೋಗಬಹುದಾ?

ಪ್ರಶ್ನೆ: ಅಮ್ಮನಿಗೆ ಕೋಟೆ ತೋರಿಸಬೇಕು. ಬಸ್ಸು ಹತ್ತಿದರೆ ಅವರಿಗೆ ವಾಂತಿ. ರೈಲು ಆಗುತ್ತದಾ?

ಉತ್ತರ 1: ಕಣ್ಣು ಮುಚ್ಚಿ ಹೋಗಿ. 2017ರಲ್ಲಿ ಶುರುವಾದ, ಸುಮಾರು 110 ಕಿಲೋಮೀಟರ್ ದಾರಿ. ಕಮಲಾಪುರ, ಹುಮನಾಬಾದ್ ಅಂತ ನಿಂತು ನಿಂತು ಹೋಗುತ್ತದೆ, ಮಧ್ಯೆ ಉದ್ದನೆಯ ಸುರಂಗಕ್ಕೆ ನುಗ್ಗಿದ ಕೂಡಲೇ ಬೋಗಿಯಲ್ಲಿರುವ ಮಕ್ಕಳೆಲ್ಲ ಹೋ ಅಂತ ಕೂಗುತ್ತಾರೆ, ನನಗಂತೂ ಅದೇ ಇಷ್ಟ. ಕಿಟಕಿ ಸೀಟು ಹಿಡಿಯಿರಿ.

ಉತ್ತರ 2: ಸ್ಟೇಷನ್ನಿಂದ ಆಟೋ ಮಾಡಿ. ಕೋಟೆಯೊಳಗಿನ ರಂಗೀನ್ ಮಹಲ್ ಅರಮನೆಗೆ ಬೀಗ ಇದ್ದರೆ ಸುಮ್ನೆ ವಾಪಸ್ ಬರಬೇಡಿ, ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಬೆಳಕಿಗೆ ಮಿನುಗುತ್ತದೆ, ಅಮ್ಮ ನೋಡಲೇಬೇಕು. ಊರೊಳಗೆ 1472ರ ಮಹಮೂದ್ ಗಾವಾನ್ ಮದರಸಾ ಇದೆ, ಅದನ್ನೂ ಬಿಡಬೇಡಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಅಕ್ಕಾ. ಈ ಭಾನುವಾರವೇ ಹೊರಟೆವು.