ಅಪ್‌ಡೇಟ್: ಕೊನೆಗೂ ನಾಲ್ಕು ಆಕ್ಸಲ್‌ನ ಮಾದರಿ ಡೀಸೆಲ್ ಎಂಜಿನ್ನೇ ಮನೆಗೆ ಬಂತು

ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಮೇಲಿನ ನನ್ನ ಎಚ್‌ಓ (ನಿಜದ ರೈಲಿನ 87ರಲ್ಲೊಂದು ಅಳತೆಯ) ಮಾದರಿ ರೈಲುಹಳಿಗೆ ಆರು ಆಕ್ಸಲ್‌ನ, ಅಂದರೆ ಆರು ಜೋಡಿ ಚಕ್ರಗಳ, ಅಮೆರಿಕನ್ ಡೀಸೆಲ್ ಎಂಜಿನ್ ಎಸ್‌ಡಿ40-2ರ ಮಾದರಿ ತರಲೋ, ನಾಲ್ಕು ಆಕ್ಸಲ್‌ನ ಜಿಪಿ38-2ರದು ತರಲೋ ಎಂದು ಕಳೆದ ತಿಂಗಳು ನಿಮ್ಮನ್ನು ಕೇಳಿದ್ದೆ. ಜಿಪಿ38-2 ತಂದೆ.

ನಿಜ ಹೇಳಬೇಕೆಂದರೆ ಮನಸ್ಸೆಲ್ಲ ದೊಡ್ಡದರ ಮೇಲೆಯೇ ಇತ್ತು. ನಮ್ಮ ಭಾರತೀಯ ರೈಲ್ವೆಯ ಆರು ಆಕ್ಸಲ್‌ನ ಡಬ್ಲ್ಯುಡಿಎಂ-2 ಎಂಜಿನ್ ನೋಡುತ್ತ ಬೆಳೆದವನಿಗೆ ಆರು ಆಕ್ಸಲ್ ಇಲ್ಲದ ಡೀಸೆಲ್ ಎಂಜಿನ್ ಏನೋ ಅರೆಬರೆ ಎನ್ನಿಸುತ್ತದೆ. ಗೆಳೆಯರೊಬ್ಬರ ಎಸ್‌ಡಿ40-2 ಎರವಲು ತಂದು ಓಡಿಸಿದೆ. ನೇರ ಹಳಿಯಲ್ಲಿ ರಾಜಗಾಂಭೀರ್ಯ. 18 ಇಂಚು ತ್ರಿಜ್ಯದ ತಿರುವಿಗೆ ಬಂದೊಡನೆ ಮೂತಿ ಹೊರಗೆ ಚಾಚಿತು, ಮುಂದಿನ ಮೂರು ಜೋಡಿ ಚಕ್ರಗಳಲ್ಲಿ ನಡುವಿನದು ಹಳಿಯ ಮೇಲೇರಿ ಟಕ್ಕೆಂದು ಕೆಳಗಿಳಿಯಿತು. ಮೂರು ಸುತ್ತಿನಲ್ಲಿ ಎರಡು ಸಲ! ದೊಡ್ಡ ಎಂಜಿನ್ನಿಗೆಂದು ನೀವು ಹೇಳಿದ 22 ಇಂಚು ತ್ರಿಜ್ಯದ ತಿರುವನ್ನೂ ಅಳೆದು ನೋಡಿದೆ. ಹಳಿಗೂ ಹಲಗೆಯ ಅಂಚಿಗೂ ಎರಡು ಇಂಚಿನ ಅಂತರವೂ ಉಳಿಯುವುದಿಲ್ಲ. ಉರುಳಿದರೆ ನೇರ ನೆಲಕ್ಕೆ.

ಜಿಪಿ38-2 ಅದೇ 18 ಇಂಚಿನ ತಿರುವಿನಲ್ಲಿ ಹನ್ನೆರಡು ಗೂಡ್ಸ್ ಡಬ್ಬಿಗಳನ್ನು ಎಳೆದುಕೊಂಡು ತಕರಾರಿಲ್ಲದೆ ಸುತ್ತುತ್ತಿದೆ. ಹಳಿ ಕವಲೊಡೆಯುವ ಪಾಯಿಂಟಿನ ಬಳಿ ಮಾತ್ರ ತುಸು ತಡವರಿಸುತ್ತಿತ್ತು. ಚಕ್ರಗಳನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿದಾಗ ಕಾಡಿಗೆಯಂಥ ಕೊಳೆ ಬಂತು, ತಡವರಿಕೆ ಹೋಯಿತು.

ಎರವಲು ತಂದ ಎಸ್‌ಡಿ40-2 ಅನ್ನು ಇನ್ನೂ ಹಿಂದಿರುಗಿಸಿಲ್ಲ.