ಮಗನಿಗೆ ರಾತ್ರೋರಾತ್ರಿ ಟಾರ್ಷನ್ (ಬೀಜ, ಅಂದರೆ ವೃಷಣ, ತಿರುಚಿಕೊಳ್ಳುವುದು) ಆಪರೇಷನ್ ಆಯ್ತು: ಸರಿಯಿದ್ದ ಬೀಜಕ್ಕೂ ಹೊಲಿಗೆ ಯಾಕೆ?

ಪ್ರಶ್ನೆ (ಒಬ್ಬ ತಾಯಿ, ಸಾಗರದ ಹತ್ತಿರದ ಹಳ್ಳಿ):
ಡಾಕ್ಟ್ರೇ, ನಮಸ್ಕಾರ. ನನ್ನ ದೊಡ್ಡ ಮಗನಿಗೆ 13 ವರ್ಷ. ಹೋದ ವಾರ ರಾತ್ರಿ ಹತ್ತರ ಹೊತ್ತಿಗೆ ಹೊಟ್ಟೆನೋವು ಅಂದ. ಗ್ಯಾಸ್ ಇರಬೇಕು ಅಂತ ಓಮದ ಕಷಾಯ ಮಾಡಿಕೊಟ್ಟೆ. ಹನ್ನೆರಡಕ್ಕೆ ಎರಡು ಸಲ ವಾಂತಿ ಆಯ್ತು. ಕಾಲು ಮಡಚಿಕೊಂಡು ಮುಲುಗ್ತಾ ಇದ್ದ, ನನ್ನ ಹತ್ರ ಏನೂ ಬಾಯಿ ಬಿಡಲಿಲ್ಲ. ಕೊನೆಗೆ ಅವರಪ್ಪನ ಕಿವೀಲಿ, ಎಡಗಡೆ ಬೀಜ ಊದಿದೆ ಅಂದನಂತೆ. ಆ ಮಳೇಲೇ ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ಹೋದ್ವಿ. ಮೂರೂವರೆಗೆ ಆಪರೇಷನ್ ಆಯ್ತು, ಬೀಜ ಉಳೀತು ಅಂದ್ರು. ಆದರೆ ಚೆನ್ನಾಗಿದ್ದ ಬಲಗಡೆಯದಕ್ಕೂ ಹೊಲಿಗೆ ಹಾಕಿದಾರೆ. ಅದ್ಯಾಕೆ? ಮುಂದೆ ಮಕ್ಕಳಾಗೋದಕ್ಕೆ ತೊಂದರೆ ಆಗತ್ತಾ? ಕಷಾಯ ಕೊಟ್ಟು ಕಾಯ್ತಾ ಕೂತೆನಲ್ಲ ಅಂತ ನನಗೆ ನಿದ್ದೇನೇ ಬರ್ತಿಲ್ಲ.

ಉತ್ತರ (ಮಕ್ಕಳ ಶಸ್ತ್ರಚಿಕಿತ್ಸಕರು):
ಅಮ್ಮ, ಮೊದಲು ನಿಮ್ಮ ನಿದ್ದೆಯ ವಿಷಯ. ನೋವು ಶುರುವಾಗಿ ಐದೂವರೆ ಗಂಟೆಯೊಳಗೆ ಮಗ ಆಪರೇಷನ್ ಟೇಬಲ್ ಮೇಲಿದ್ದ. ಆರು ಗಂಟೆಯೊಳಗೆ ತಿರುಚು ಬಿಡಿಸಿದರೆ ನೂರರಲ್ಲಿ 90ಕ್ಕೂ ಹೆಚ್ಚು ಮಕ್ಕಳ ಬೀಜ ಉಳಿಯುತ್ತದೆ. ಹನ್ನೆರಡು ಗಂಟೆ ಕಳೆದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಒಂದು ದಿನ ದಾಟಿದರೆ ಉಳಿಯುವುದು ಹತ್ತರಲ್ಲಿ ಒಂದೂ ಕಷ್ಟ. ಬೆಳಗಾಗಲಿ ನೋಡೋಣ ಅಂತ ನೀವು ಮಲಗಿಬಿಡಲಿಲ್ಲ. ಅವನ ಬೀಜ ಉಳಿದದ್ದು ಅದರಿಂದ.

ಹೊಟ್ಟೆನೋವು ಅಂತ ಅವನು ಸುಳ್ಳು ಹೇಳಿದ್ದೂ ಅಲ್ಲ. ತಾಯಿಯ ಗರ್ಭದಲ್ಲಿ ವೃಷಣ ಬೆಳೆಯುವುದು ಮಗುವಿನ ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಆಮೇಲೆ ಕೆಳಗಿಳಿಯುವಾಗ ನರಗಳನ್ನೂ ಜೊತೆಗೇ ಎಳೆದುಕೊಂಡು ಬರುತ್ತದೆ. ಹಾಗಾಗಿ ಪೆಟ್ಟು ಕೆಳಗೆ, ನೋವು ಹೊಟ್ಟೆಯಲ್ಲಿ, ಜೊತೆಗೆ ವಾಂತಿ. ಇದಕ್ಕೆ ಹುಡುಗರ ಸಂಕೋಚ ಬೇರೆ ಸೇರಿಕೊಳ್ಳುತ್ತದೆ. ಹೊಟ್ಟೆನೋವು ಅಂತ ಬಂದ ಯಾವ ಹುಡುಗನನ್ನೂ ನಾನು ಚಡ್ಡಿ ಬಿಚ್ಚಿಸಿ ನೋಡದೆ ಕಳಿಸುವುದಿಲ್ಲ.

ಈಗ ಬಲಗಡೆಯ ಹೊಲಿಗೆ. ಸಾಮಾನ್ಯವಾಗಿ ವೃಷಣ ತನ್ನ ಚೀಲದ ಹಿಂಬದಿಗೆ ಅಂಟಿಕೊಂಡಿರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಆ ಅಂಟು ಇರುವುದಿಲ್ಲ. ದನದ ಕೊರಳ ಗಂಟೆಯೊಳಗಿನ ನಾಲಿಗೆ ಹೇಗೆ ತೂಗಾಡುತ್ತದೋ ಹಾಗೆ ನೇತಾಡುತ್ತಿರುತ್ತದೆ. ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ಸಾಕು, ಗರಗರ ಸುತ್ತಿಕೊಳ್ಳಬಹುದು. ಒದ್ದೆ ಬಟ್ಟೆ ಹಿಂಡಿದ ಹಾಗೆ ಅದರ ನಾಳ ಹುರಿಯಾಗುತ್ತದೆ. ಮೊದಲು ಮುಚ್ಚುವುದು ರಕ್ತ ಹೊರಗೆ ಹೋಗುವ ತೆಳು ನಾಳ. ಒಳಗೆ ಬಂದದ್ದು ಹೊರಗೆ ಹೋಗದೆ ಬೀಜ ಊದಿಕೊಳ್ಳುತ್ತದೆ, ಕೊನೆಗೆ ರಕ್ತ ಬರುವ ದಾರಿಯೂ ಬಂದ್. ಈ ಹುಟ್ಟುಗುಣ ಒಂದು ಕಡೆ ಇದ್ದರೆ ಇನ್ನೊಂದು ಕಡೆಯೂ ಇರುವುದೇ ಹೆಚ್ಚು. ಅದಕ್ಕೇ ಒಂದೇ ಅರಿವಳಿಕೆಯಲ್ಲಿ ಎರಡನ್ನೂ ಕರಗದ ದಾರದಿಂದ ಎರಡು ಮೂರು ಕಡೆ ಹಿಡಿದು ನಿಲ್ಲಿಸುತ್ತೇವೆ. ಬಲಗಡೆಯದನ್ನು ಹಾಗೇ ಬಿಟ್ಟಿದ್ದರೆ ಅದು ತಪ್ಪಾಗುತ್ತಿತ್ತು.

ಒಳಗೆ ಏನಾಗುತ್ತದೆ ಅಂತಲೂ ಹೇಳುತ್ತೇನೆ. ಚೀಲದ ನಡುಗೆರೆಯಲ್ಲಿ ಸಣ್ಣ ಗಾಯ ಮಾಡಿ ಬೀಜವನ್ನು ಹೊರತೆಗೆದಾಗ ಅದು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಸುತ್ತು ಬಿಡಿಸಿ, ಬೆಚ್ಚಗಿನ ಸಲೈನ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ, ಗಡಿಯಾರ ನೋಡುತ್ತಾ ಹತ್ತು ನಿಮಿಷ ಕಾಯುತ್ತೇವೆ. ಆ ಹೊತ್ತಲ್ಲಿ ಇನ್ನೊಂದು ಕಡೆಯ ಹೊಲಿಗೆ ಮುಗಿಸುವುದೂ ಉಂಟು. ಬಟ್ಟೆ ಬಿಚ್ಚಿದಾಗ ಅಂಚಿನಲ್ಲಿ ನಸುಗೆಂಪು ಕಂಡರೆ ಥಿಯೇಟರಿನಲ್ಲಿ ಎಲ್ಲರೂ ಉಸಿರು ಬಿಡುತ್ತೇವೆ. ಅನುಮಾನ ಉಳಿದರೆ ಬಿಳಿಯ ಹೊದಿಕೆಗೆ ಒಂದು ಚೂರು ಕಚ್ಚು ಹಾಕಿ ಕೆಂಪು ರಕ್ತ ಜಿನುಗುತ್ತದಾ ನೋಡುತ್ತೇವೆ. ಕಪ್ಪಾಗಿಯೇ ಉಳಿದರೆ ತೆಗೆಯಲೇಬೇಕು.

ಪ್ರಶ್ನೆ (ದಾವಣಗೆರೆಯಿಂದ ಒಬ್ಬರು):
ಸರ್, ನಮ್ಮಣ್ಣನ ಮಗನಿಗೆ 15. ಒಂದು ಕಡೆ ತೋರಿಸಿದಾಗ ಇನ್ಫೆಕ್ಷನ್ ಅಂತ ಎರಡು ದಿನ ಆ್ಯಂಟಿಬಯಾಟಿಕ್ ಕೊಟ್ಟರು. ಮೂರನೇ ದಿನ ಬೇರೆ ಕಡೆ ಸ್ಕ್ಯಾನ್ ಮಾಡಿಸಿದರೆ ಟಾರ್ಷನ್. ತೆಗೆದುಬಿಟ್ಟರು. ಮೊದಲೇ ಸ್ಕ್ಯಾನ್ ಮಾಡಿಸಬೇಕಿತ್ತಾ?

ಉತ್ತರ:
ಓದಿ ಸಂಕಟವಾಯಿತು. ಈ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಬಂದ ನೋವನ್ನು ಟಾರ್ಷನ್ ಅಲ್ಲ ಅಂತ ಖಾತ್ರಿಯಾಗುವ ತನಕ ಟಾರ್ಷನ್ ಅಂತಲೇ ನೋಡಬೇಕು. ಕೈಯಲ್ಲಿ ಪರೀಕ್ಷೆ ಮಾಡಿದರೇ ಬಹಳಷ್ಟು ಗೊತ್ತಾಗುತ್ತದೆ. ಬೀಜ ಗಟ್ಟಿಯಾಗಿ ಊದಿರುತ್ತದೆ, ಮೇಲಕ್ಕೆ ಸರಿದು ಅಡ್ಡ ನಿಂತಿರುತ್ತದೆ. ಒಳತೊಡೆಯನ್ನು ಮೆಲ್ಲಗೆ ಸವರಿದರೆ ಬೀಜ ಚಕ್ಕಂತ ಮೇಲೇಳಬೇಕು, ಟಾರ್ಷನ್ ಆದಾಗ ಸಾಮಾನ್ಯವಾಗಿ ಅಲುಗುವುದಿಲ್ಲ. ರಕ್ತ ಹರಿಯುವುದನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ತಕ್ಷಣ ಸಿಗುವುದಾದರೆ ಒಳ್ಳೆಯದೇ. ಆದರೆ ಲಕ್ಷಣ ಸ್ಪಷ್ಟವಾಗಿದ್ದಾಗ ಸ್ಕ್ಯಾನಿಗೆ ಕಾಯಬಾರದು. ಅರ್ಧ ತಿರುಚಿದಾಗ ರಕ್ತ ಹರಿಯುತ್ತಿದೆ ಅಂತ ಸ್ಕ್ಯಾನ್ ತೋರಿಸುವುದೂ ಇದೆ. ತೆರೆದು ನೋಡಿ ಏನೂ ಇಲ್ಲ ಅಂತಾದರೆ ಒಂದು ಸಣ್ಣ ಗಾಯ ಅಷ್ಟೆ. ತೆರೆಯದೆ ಕಳೆದುಕೊಂಡದ್ದು ತಿರುಗಿ ಬರುವುದಿಲ್ಲ.

ಹುಡುಗನಿಗೆ ಧೈರ್ಯ ಹೇಳಿ. ಉಳಿದ ಒಂದು ಬೀಜ ಚೆನ್ನಾಗಿದ್ದರೆ ಗಡ್ಡ ಮೀಸೆಗೂ ಸಾಕು, ಸಾಮಾನ್ಯವಾಗಿ ಮಕ್ಕಳಾಗುವುದಕ್ಕೂ ಸಾಕು. ಅದಕ್ಕೆ ಹೊಲಿಗೆ ಹಾಕಿದಾರಾ ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇವತ್ತೇ ನೋಡಿ, ಹಾಕಿಲ್ಲವಾದರೆ ಹಾಕಿಸಿ. ಕ್ರಿಕೆಟ್ ಆಡುವಾಗ ಗಾರ್ಡ್ ಇರಲಿ. ನೋಡಲು ಎರಡೂ ಇರಬೇಕು ಅನ್ನಿಸಿದರೆ ಬೆಳವಣಿಗೆ ಮುಗಿದ ಮೇಲೆ ಸಿಲಿಕೋನ್‌ನದು ಹಾಕಬಹುದು.

ಪ್ರಶ್ನೆ (ಇನ್ನೊಬ್ಬ ಮಹಿಳೆ):
ನನ್ನ ತಂಗಿ ಮಗನಿಗೆ 9 ವರ್ಷ. ಇದೇ ಥರ ನೋವು ಅಂತ ಹೋದರೆ ಆಪರೇಷನ್ ಬೇಡ, ನೋವಿನ ಮಾತ್ರೆ ಸಾಕು ಅಂದ್ರು. ನಂಬಬಹುದಾ?

ಉತ್ತರ:
ಬೀಜದ ತುದಿಯಲ್ಲಿ ಕಾಳಿನಷ್ಟು ಸಣ್ಣ ಬಾಲ ಇರುತ್ತದೆ. ಆ ವಯಸ್ಸಿನಲ್ಲಿ ಅದಷ್ಟೇ ತಿರುಚಿಕೊಳ್ಳುವುದು ಸಾಮಾನ್ಯ. ಕೆಲವು ಮಕ್ಕಳಿಗೆ ಚರ್ಮದಡಿ ನೀಲಿ ಚುಕ್ಕೆಯ ಹಾಗೆ ಕಾಣುತ್ತದೆ. ಅದಕ್ಕೆ ವಿಶ್ರಾಂತಿ, ಮಾತ್ರೆ ಸಾಕು. ಆದರೆ ಅದು ಅದೇ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡುವ ಹಾಗಿಲ್ಲ, ವೈದ್ಯರು ಮುಟ್ಟಿ ನೋಡಿಯೇ ಹೇಳಬೇಕು.

ಸಾಗರದ ತಾಯಿ:
ಮನಸ್ಸು ಹಗುರ ಆಯ್ತು ಡಾಕ್ಟ್ರೇ. ಶಾಲೆಗೆ ಯಾವಾಗ ಕಳಿಸಲಿ? ಚಿಕ್ಕವನಿಗೆ 10, ಅವನಿಗೂ ಮೊದಲೇ ಹೊಲಿಗೆ ಹಾಕಿಸಿಬಿಡಬೇಕಾ?

ಉತ್ತರ:
ಗಾಯ ಒಣಗಿ ನೋವಿಲ್ಲದೆ ನಡೆದಾಡುತ್ತಿದ್ದರೆ ಶಾಲೆಗೆ ಹೋಗಲಿ. ಸೈಕಲ್, ಕಬಡ್ಡಿ ಒಂದು ತಿಂಗಳು ಬೇಡ. ಮೂರರಿಂದ ಆರು ತಿಂಗಳೊಳಗೆ ಒಂದು ಸ್ಕ್ಯಾನ್ ಮಾಡಿಸಿ. ತಿರುಚು ಬಿಡಿಸಿ ಉಳಿಸಿದ ಬೀಜ ಕೆಲವೊಮ್ಮೆ ನಿಧಾನವಾಗಿ ಚಿಕ್ಕದಾಗುತ್ತದೆ, ಅದನ್ನು ನೋಡಿಕೊಳ್ಳಬೇಕು. ಹೊಲಿಗೆ ಇದ್ದರೂ ಮತ್ತೆ ಅಂಥದೇ ನೋವು ಬಂದರೆ ಕಾಯದೆ ಹೊರಡಿ.

ಅಪರೂಪಕ್ಕೆ ಅಣ್ಣತಮ್ಮಂದಿರಿಬ್ಬರಿಗೂ ಆಗಿರುವುದುಂಟು, ಆದರೂ ನೋವೇ ಇಲ್ಲದ ಚಿಕ್ಕವನಿಗೆ ಆಪರೇಷನ್ ಬೇಡ. ಅಲ್ಲಿ ನೋವು ಬಂದರೆ ಎಷ್ಟೇ ಹೊತ್ತಾಗಿರಲಿ ಎಬ್ಬಿಸು, ಯಾರೂ ಬೈಯಲ್ಲ ಅಂತ ಅವರಪ್ಪ ಅವನಿಗೆ ಇವತ್ತು ರಾತ್ರಿಯೇ ಹೇಳಲಿ. ಅಣ್ಣನೂ ಪಕ್ಕದಲ್ಲಿರಲಿ. ಹಾಗೇನಾದರೂ ಹೊರಡಬೇಕಾಗಿ ಬಂದರೆ ದಾರಿಯಲ್ಲಿ ಕಾಫಿ ತಿಂಡಿ ಕೊಡಬೇಡಿ, ಅರಿವಳಿಕೆಗೆ ಹೊಟ್ಟೆ ಖಾಲಿ ಇರಬೇಕು.